ಕಣ್ಣು ಬರೆಯದ ಪಟ

ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ. ನನ್ನ ದೊಡ್ಡಮ್ಮನ ಮಗ ಪೇಂಟರಣ್ಣನಿಗೇ ಆದದ್ದು ಇದು. ಅವತ್ತು ಕೆಲಸ ಮುಗಿಸಿ ಮನೆಗೆ ಹೊರಟಾಗ ರಾತ್ರಿ ಹನ್ನೊಂದು ದಾಟಿತ್ತು. ಹಾಳುಬಾವಿ ಹತ್ತಿರ ಬಂದ... ಟಕ್. ಟಕ್. ಟಕ್. ಕಲ್ಲಿನ ಮೇಲೆ ಉಂಗುರ ಬಡಿದ ಸದ್ದು.

ಆ ಸದ್ದು ಅವನಿಗೆ ಗೊತ್ತಿತ್ತು. ಪಿಂಚಣಿ ಕಚೇರಿಯ ದೊಡ್ಡ ಸಾಹೇಬರು ಜನರನ್ನು ಹೊರಗೆ ಅಟ್ಟಬೇಕಾದರೆ ಮೇಜಿನ ಮೇಲೆ ಹೀಗೇ ಉಂಗುರ ಬಡಿಯುತ್ತಿದ್ದರು. ಆದರೆ ಸಾಹೇಬರು ಸತ್ತು ಇಪ್ಪತ್ತು ದಿನವಾಗಿತ್ತು.

ಆ ಕಚೇರಿಯ ಚೆಂದ ಕೇಳಿ. ಜನ ಕಾಯುವ ಕೋಣೆಯಲ್ಲಿ ಬೆಂಚಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಬಂದ ಸಾಹೇಬರಿಗೆಲ್ಲ ಮಾತ್ರ ಸರ್ಕಾರದ ಖರ್ಚಿನಲ್ಲಿ ಆಳೆತ್ತರದ ತೈಲಚಿತ್ರ, ಚಿನ್ನದ ಬಣ್ಣದ ಕಟ್ಟು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅಣ್ಣ ಬರೆಯುತ್ತಿದ್ದ ಈ ಸಾಹೇಬರ ಪಟಕ್ಕೆ ಕಣ್ಣು ಬರೆಯುವುದೊಂದು ಬಾಕಿಯಿತ್ತು, ಅಷ್ಟರಲ್ಲಿ ಹೋಗಿಬಿಟ್ಟರು. ಅವರ ಜಾಗಕ್ಕೆ ಬಂದ ಮೇಡಂ ಮೊದಲ ದಿನವೇ ಆದೇಶ ಹೊರಡಿಸಿದರು: ಇನ್ನು ಪಟದ ದುಂದು ಸಾಕು. ಹಾಗಾಗಿ ಕಣ್ಣಿಲ್ಲದ ಸಾಹೇಬರು ಅಣ್ಣನ ಶೆಡ್ಡಿನಲ್ಲೇ ಗೋಡೆಗೆ ಒರಗಿ ಉಳಿದರು.

"ಯಾರು?" ಅಣ್ಣ ಪಿಸುಗುಟ್ಟಿದ.

"ನಾನಪ್ಪಾ... ಏನೂ ಕಾಣ್ತಿಲ್ಲ... ಕಣ್ಣು ಬರೆದುಬಿಡು."

ಬಾವಿಕಟ್ಟೆ ತಡವುತ್ತಾ ಸದ್ದು ಹತ್ತಿರ ಬಂತು. ಟಕ್... ಟಕ್...

ಅಣ್ಣನಿಗೆ ಭಯಕ್ಕಿಂತ ಸಿಟ್ಟೇ ದೊಡ್ಡದಾಯ್ತು. ಗಂಡ ಸತ್ತ ತಂಗಿ ಪಿಂಚಣಿಗಾಗಿ ಹನ್ನೊಂದು ತಿಂಗಳು ಇವರ ಮೇಜಿನ ಮುಂದೆ ನಿಂತಿದ್ದಳು. ಒಂದು ಸಲವೂ ತಲೆಯೆತ್ತಿ ನೋಡದ ಮನುಷ್ಯ! ಕೊನೆಗೆ ಅರ್ಜಿಯೇ ಕಾಣೆ ಎಂದರು. ಗಂಡನ ಅಸಲಿ ದಾಖಲೆಗಳೂ ಅದರ ಜೊತೆಗೇ ಹೋಗಿದ್ದವು. ಅವಿಲ್ಲದೆ ಅವಳಿಗೆ ಬಿಡಿಗಾಸೂ ಸಿಗುವಂತಿರಲಿಲ್ಲ.

"ಇದ್ದಾಗ ಆ ಕಣ್ಣಲ್ಲಿ ಯಾರನ್ನ ನೋಡಿದ್ರಿ, ಸಾಹೇಬ್ರೇ? ನನ್ನ ತಂಗಿ ಅರ್ಜಿ ಎಲ್ಲಿ?"

ಕತ್ತಲಲ್ಲಿ ಗಂಟಲು ಸರಿಮಾಡಿಕೊಂಡ ಹಾಗಾಯ್ತು.

"ನನ್ನ ಕೋಣೆ ಗೋಡೆ ಮೇಲೆ ಹಳೇ ಸಾಹೇಬ್ರ ಪಟ ಇತ್ತಲ್ಲ... ವಾಲ್ತಿತ್ತು. ಹಿಂದೆ ಮಡಚಿ ಸಿಗಿಸಿದೆ."

"ಅರ್ಜೀನಾ?"

"ಕೈಗೆ ಸಿಕ್ಕ ಕಾಗದ... ಪಟ ನೆಟ್ಟಗಾಯ್ತು ನೋಡು. ಈಗ ಕಣ್ಣು ಬರೀತೀಯಲ್ಲ?"

ಥೂ! ಸತ್ತ ಮೇಲೂ ಪಟದ್ದೇ ಚಿಂತೆ.

"ನೋಡೋಣ," ಎಂದ ಅಣ್ಣ. ಹನ್ನೊಂದು ತಿಂಗಳೂ ಸಾಹೇಬರು ತಂಗಿಗೆ ಹೇಳಿದ್ದು ಆ ಒಂದೇ ಮಾತು. ಹಿಂದೆ ತಿರುಗದೆ ಮನೆ ಸೇರಿದ.

ಬೆಳಿಗ್ಗೆ ಮೇಡಂ ಹತ್ತಿರ ಹೋಗಿ, ಆ ಪಟ ಒಮ್ಮೆ ಇಳಿಸಿ ನೋಡಿ ಎಂದ. ಬಾವಿಯ ವಿಷಯ ಬಾಯಿಬಿಡಲಿಲ್ಲ. ಎಂಟು ಮಡಿಕೆ ಮಾಡಿದ ಅರ್ಜಿ, ದಾಖಲೆ ಸಮೇತ, ಪಟದ ಹಿಂದೆ ಇತ್ತು. ತಿಂಗಳೊಳಗೆ ಪಿಂಚಣಿ ಬಂತು.

ಅಣ್ಣ ಕಣ್ಣು ಬರೆಯಲಿಲ್ಲ. ಎಣ್ಣೆಬಣ್ಣದ ದಪ್ಪ ಕ್ಯಾನ್ವಾಸು, ನೀರು ಇಳಿಯುವುದಿಲ್ಲ ಎಂದು ತಂಗಿಯ ಅಡುಗೆಮನೆಯ ಸೋರುವ ಮಾಡಿಗೆ ಆ ಪಟವನ್ನೇ ಮೊಳೆ ಹೊಡೆದು ಬಿಗಿದುಬಿಟ್ಟ. ಹಾಗಾದರೂ ಸಾಹೇಬರು ಒಬ್ಬರಿಗೆ ಉಪಯೋಗಕ್ಕೆ ಬರಲಿ ಅಂತ.

ಈಗ ಅಲ್ಲಿ ಸೋರುವುದು ಎರಡೇ ಕಡೆ... ಕಣ್ಣು ಬರೆಯದೆ ಬಿಟ್ಟ ಜಾಗದಲ್ಲಿ. ನಡುಬೇಸಿಗೆಯಲ್ಲೂ. ತೊಟ್... ತೊಟ್... ತಂಗಿ ಕೆಳಗೊಂದು ಪಾತ್ರೆ ಇಟ್ಟಿದ್ದಾಳೆ. ನಂಬದಿದ್ದರೆ ಬಿಡಿ. ನಾನೇ ಹೋಗಿ ಅಂಗೈ ಒಡ್ಡಿ ನೋಡಿದ್ದೇನೆ. ನೀರು ಬೆಚ್ಚಗಿತ್ತು.