ಛಾವಣಿ ಕಂತು

ವೇದಿಕೆಯ ಮೆತ್ತನೆಯ ಕುರ್ಚಿಯಲ್ಲಿ ಕುಳಿತಿರುವ ನಮ್ಮ ಗೃಹಸಾಲ ಸಂಘದ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಸಿಮೆಂಟ್ ಕಾರ್ಖಾನೆಯ ಮಾರಾಟಾಧಿಕಾರಿಗಳೇ, ಮೇಲ್ಸೇತುವೆ ಖ್ಯಾತಿಯ ಎಂಜಿನಿಯರ್ ಸಾಹೇಬರೇ, ಮರದ ಬೆಂಚುಗಳ ಮೇಲೆ ಕುಳಿತಿರುವ ಸಾಲಗಾರ ಸದಸ್ಯರೇ, ಸಾಲ ಸಿಗದಿದ್ದರೂ ತಿಂಡಿ ಸಿಗಬಹುದೆಂದು ಬಂದಿರುವ ಸಭಿಕರೇ, ಮತ್ತು ಮೊದಲ ಸಾಲಿನ ತುದಿಯಲ್ಲಿ ಕುಳಿತು ರೆಪ್ಪೆ ಮಿಟುಕಿಸದೆ ನನ್ನನ್ನೇ ನೋಡುತ್ತಿರುವ ನನ್ನ ಹೆಂಡತಿಯೇ,

ಈ ಬೀಳ್ಕೊಡುಗೆ ಸಭೆಯಲ್ಲಿ ನನ್ನ ಬಗ್ಗೆ ಇಷ್ಟು ಹೊತ್ತು ಆಡಿದ ಒಳ್ಳೆಯ ಮಾತುಗಳನ್ನೆಲ್ಲ ಕೇಳಿದೆ. ಯಾರ ಬಗ್ಗೆ ಹೇಳುತ್ತಿದ್ದಾರೋ ಎಂದು ಒಂದು ಸಲ ಹಿಂದೆ ತಿರುಗಿಯೂ ನೋಡಿದೆ. ಕಾರ್ಯದರ್ಶಿಗಳು ನನ್ನನ್ನು ಮೃದುಭಾಷಿ ಅಂದರು. ಈ ಕಟ್ಟಡದಲ್ಲಿ ನನಗಿರುವ ಹೆಸರು ರೂಲ್ಸ್ ಸಾಹೇಬ. ಮೆಟ್ಟಿಲ ಮೇಲೆ ನನ್ನ ಬೂಟಿನ ಸದ್ದು ಕೇಳಿದರೆ ಅರ್ಜಿ ಹಿಡಿದು ನಿಂತವರಿಗೆಲ್ಲ ಇದ್ದಕ್ಕಿದ್ದಂತೆ ಬಾಯಾರಿಕೆಯಾಗುತ್ತಿತ್ತು. ನನಗೆ ಗೊತ್ತಿಲ್ಲವೆ? ಉಡುಗೊರೆಯಾಗಿ ಗೋಡೆ ಗಡಿಯಾರ ಕೊಟ್ಟಿದ್ದೀರಿ, ಸಂತೋಷ. ಸಂಘದ ಕ್ವಾರ್ಟರ್ಸ್‌ನಲ್ಲಿ ಅನುಮತಿ ಇಲ್ಲದೆ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಆ ನಿಯಮ ಬರೆದವನೂ ನಾನೇ. ಇರಲಿ, ತಿಂಗಳ ಕೊನೆಗೆ ಕ್ವಾರ್ಟರ್ಸ್ ಬಿಡಬೇಕು. ಮೊಳೆಯ ಚಿಂತೆ ಇನ್ನೇಕೆ?

ಮುಖ್ಯ ಅತಿಥಿಗಳು ಅದ್ಭುತವಾಗಿ ಮಾತಾಡಿದರು. ಒಂದು ದೇಶ ಮುಂದುವರಿದಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ತಲೆಗೆ ಎಷ್ಟು ಸಿಮೆಂಟ್ ಖರ್ಚಾಗುತ್ತದೆಂದು ನೋಡಬೇಕಂತೆ. ನಾವು ಬಹಳ ಹಿಂದಿದ್ದೇವಂತೆ. ಸ್ವಾಮಿ, ಹಾಗಾದರೆ ಈ ಸಭಾಂಗಣದಲ್ಲಿ ಅತಿ ಹೆಚ್ಚು ಮುಂದುವರಿದ ಪ್ರಜೆ ನಾನೇ. ನಿಮ್ಮ ಕಾರ್ಖಾನೆಯ ಸಿಮೆಂಟ್ ಚೀಲಗಳು ನನ್ನ ಮಲಗುವ ಕೋಣೆಯಲ್ಲಿ ಕಿಟಕಿಯೆತ್ತರಕ್ಕೆ ನಿಂತಿವೆ. ಮಂಚ ಹಜಾರಕ್ಕೆ ಬಂದಿದೆ. ನನ್ನ ಹೆಂಡತಿ ಯಾವ ಸೀರೆ ಕೊಡವಿದರೂ ರಾಷ್ಟ್ರದ ಪ್ರಗತಿಯೇ ಉದುರುತ್ತದೆ. ಯಾಕೆ ಅಷ್ಟು ಕೊಂಡೆ? ನೀವು ದರ ಏರಿಸುತ್ತೀರಿ ಎಂಬ ಸುದ್ದಿ ಬಂತು, ಅದಕ್ಕೆ. ನೀವು ಏರಿಸಿದ ದಿನವೇ ಉಳಿದ ಕಾರ್ಖಾನೆಗಳೂ ಏರಿಸಿದವು. ಇದಕ್ಕೆ ಪೈಪೋಟಿ ಎಂದು ಹೆಸರಂತೆ. ನಮ್ಮ ಸಂಘದಲ್ಲಿ ಎಲ್ಲರೂ ಒಟ್ಟಿಗೆ ರಜೆ ಹಾಕಿದರೆ ಅದನ್ನು ಮುಷ್ಕರ ಅನ್ನುತ್ತಿದ್ದೆವು.

ಎಂಜಿನಿಯರ್ ಸಾಹೇಬರೂ ಏನು ಕಡಿಮೆ? ತಮ್ಮ ಮೇಲ್ಸೇತುವೆ ದೇಶದ ಬೆಳವಣಿಗೆಯ ಹೆಬ್ಬಾಗಿಲು ಅಂದರು. ಈ ಕಡೆಯಿಂದ ಅದು ಬಹಳ ಚೆನ್ನಾಗಿ ಹತ್ತುತ್ತದೆ. ಆ ಕಡೆ ಇಳಿಯುವುದಿಲ್ಲ, ಅಷ್ಟೇ. ಇಳಿಯಬೇಕಾದ ಜಾಗ ಬೇರೆ ಇಲಾಖೆಯದು ಎಂದು ಮೇಲೆ ಹತ್ತಿದ ಮೇಲೆ ಗೊತ್ತಾಯಿತಂತೆ. ಬಸ್ಸು ಹೋಗದಿದ್ದರೇನು, ಕೆಳಗೆ ನೆರಳಿದೆ. ಅಕ್ಕಪಕ್ಕದವರು ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆ. ಸಾಹೇಬರೇ, ನಗಬೇಡಿ. ನಮ್ಮ ಸಂಘದ ಸಾಲಗಾರನೊಬ್ಬ ಇಳಿಯುವ ಮೆಟ್ಟಿಲಿಲ್ಲದೆ ಮಹಡಿ ಕಟ್ಟಿದ್ದರೆ ಒಂದು ಕಾಸೂ ಬಿಡುಗಡೆ ಮಾಡುತ್ತಿರಲಿಲ್ಲ ನಾನು.

ಏಕೆ ಮಾಡುತ್ತಿರಲಿಲ್ಲ? ನಿಯಮವಿದೆ, ಅದಕ್ಕೆ. ಹಿಂದೆ ನಮ್ಮಲ್ಲಿ ಛಾವಣಿಯ ಕಂತನ್ನು ಮೊದಲೇ ಕೈಗೆ ಕೊಡುತ್ತಿದ್ದರು. ಒಬ್ಬ ಮಹಾಶಯ ಆ ದುಡ್ಡಿನಲ್ಲಿ ಮೋಟಾರ್ ಬೈಕ್ ಕೊಂಡು, ಛಾವಣಿಯಿಲ್ಲದ ಮನೆಯೊಳಗೆ ಅದನ್ನು ನಿಲ್ಲಿಸಿ, ಬೈಕಿಗೆ ಮಾತ್ರ ಪ್ಲಾಸ್ಟಿಕ್ ಹೊದಿಸಿದ. ಆಗ ನಾನು ನಿಯಮ ಬರೆದೆ. ಮೊದಲು ಛಾವಣಿ ಹಾಕಿ, ಆಮೇಲೆ ಛಾವಣಿಯ ಕಂತು. ಪರಿಶೀಲನಾಧಿಕಾರಿ ಏಣಿ ಹತ್ತಿ ಛಾವಣಿಯ ಮೇಲೆ ನಿಲ್ಲಬೇಕು, ನಿಂತ ಫೋಟೋ ಕಡತಕ್ಕೆ ಸೇರಬೇಕು. ಈ ಊರಿನ ಎಷ್ಟು ಮನೆಗಳ ನೆತ್ತಿಯ ಮೇಲೆ ನಿಂತಿದ್ದೇನೆ ನಾನು! ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಯುದ್ಧ ಗೆದ್ದವನ ಹಾಗೆ.

ಜನ ಗೊಣಗಿದರು. ಗೊಣಗದೆ ಏನು ಮಾಡುತ್ತಾರೆ, ಜನರಲ್ಲವೆ? ಒಬ್ಬಾಕೆ, ಬಟ್ಟೆ ಹೊಲಿಯುವವಳು, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದು ನನ್ನ ಮೇಜಿನ ಮುಂದೆ ನಿಂತಳು. "ಸಾರ್, ಛಾವಣಿ ಹಾಕೋಕೆ ದುಡ್ಡಿಲ್ಲ ಅಂತಾನೇ ಸಾಲ ಕೇಳಿದ್ದು. ಛಾವಣಿ ಹಾಕ್ಕೊಂಡು ಬನ್ನಿ, ಸಾಲ ಕೊಡ್ತೀವಿ ಅಂದ್ರೆ ಹೆಂಗೆ ಸಾರ್?" ಅಂದಳು. ಎಂಥ ಪ್ರಶ್ನೆ! ನಾನು ನಕ್ಕೆ. ಇಡೀ ಕಚೇರಿ ನಕ್ಕಿತು, ನಾನು ನಕ್ಕರೆ ನಗುವುದು ಅವರ ಕೆಲಸವಾಗಿತ್ತು. "ಅಮ್ಮಾ, ಎಲ್ಲರೂ ಹೇಗೋ ಹೊಂದಿಸ್ತಾರೆ, ನೀವೂ ಹೊಂದಿಸಿ" ಅಂದೆ. ಎಲ್ಲರೂ ಹೊಂದಿಸುತ್ತಿದ್ದರು ಸ್ವಾಮಿ. ಬಡ್ಡಿಯವನ ಹತ್ತಿರ ತಂದು ಛಾವಣಿ ಹಾಕಿ, ನಮ್ಮ ಕಂತು ಬಂದ ಮೇಲೆ ಅವನ ಬಾಯಿಗೆ ಹಾಕುತ್ತಿದ್ದರು. ಅದು ಅವರ ಹಣೆಬರಹ. ನಮ್ಮ ಕಡತ ಮಾತ್ರ ಅಚ್ಚುಕಟ್ಟಾಗಿತ್ತು. ಆಕೆ ಹೊಂದಿಸಲಿಲ್ಲ. ತಗಡು ಹೊದಿಸಿಕೊಂಡಿದ್ದಾಳೆ ಎಂದು ಕೇಳಿದೆ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ? ಅಧ್ಯಕ್ಷರು ತಮ್ಮ ಭಾಷಣದಲ್ಲಿ ನನ್ನ ಮನೆಯ ವಿಷಯ ಎತ್ತಿದರಲ್ಲ, ಅದಕ್ಕೆ. ಹೌದು, ನಾನೂ ನಮ್ಮ ಸಂಘದ ಸಾಲದಲ್ಲೇ ಮನೆ ಕಟ್ಟುತ್ತಿದ್ದೇನೆ. ಕಟ್ಟುತ್ತಿದ್ದೇನೆ ಅನ್ನುವುದಕ್ಕಿಂತ ನಿಲ್ಲಿಸಿದ್ದೇನೆ. ಗೋಡೆಗಳು ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ದಾಟಿ ನಿಂತಿವೆ. ಒಳಗೆ ನಿಂತು ತಲೆಯೆತ್ತಿದರೆ ಆಕಾಶ ಕಾಣುತ್ತದೆ. ಕೈಯಲ್ಲಿದ್ದದ್ದು ಗೋಡೆಗೂ ಸಿಮೆಂಟಿಗೂ ಹೋಯಿತು. ಕಬ್ಬಿಣ, ಸೆಂಟ್ರಿಂಗ್ ಹಲಗೆ, ಕೂಲಿ, ಇದಕ್ಕೆಲ್ಲ ಛಾವಣಿಯ ಕಂತು ಬೇಕು. ಕಂತು ಬೇಕಾದರೆ ಛಾವಣಿ ಬೇಕು. ಪರಿಶೀಲನೆಗೆ ಬಂದವನು ನನ್ನ ಶಿಷ್ಯ, ನಾನೇ ಕೈಹಿಡಿದು ತಿದ್ದಿದವನು. ಏಣಿ ತಂದಿದ್ದ ಪಾಪ. ಹತ್ತಲು ಏನಿದೆ? "ಸಾರ್, ನೀವೇ ಹೇಳಿಕೊಟ್ಟಿದ್ದಲ್ವಾ? ಏನ್ಮಾಡ್ಲಿ?" ಅಂದ. ಎದೆ ಉಬ್ಬಿತು ನನಗೆ. ಎಂಥ ಹುಡುಗನನ್ನು ತಯಾರು ಮಾಡಿದೆ ಅನ್ನಿಸಿತು! ಅವನು ಏಣಿ ಹೊತ್ತುಕೊಂಡು ಹೋದ ಮೇಲೆ ಮಾತ್ರ ಸ್ವಲ್ಪ ಹೊತ್ತು ಇಟ್ಟಿಗೆ ಗುಡ್ಡೆಯ ಮೇಲೆ ಕೂತುಬಿಟ್ಟೆ. ಬಿಸಿಲು ಜೋರಿತ್ತು, ಅದಕ್ಕೆ.

ಸಿಮೆಂಟ್ ಬಹಳ ದಿನ ಇಡುವ ವಸ್ತುವಲ್ಲ, ಮುಖ್ಯ ಅತಿಥಿಗಳಿಗೆ ಗೊತ್ತಿದೆ. ಗಾಳಿಯ ತೇವಕ್ಕೇ ಗಟ್ಟಿಯಾಗುತ್ತದೆ. ನನ್ನ ಹೆಂಡತಿ ದಿನಾ ದೀಪ ಹಾಕುವ ಮೊದಲು ಆ ಕೋಣೆಗೆ ಹೋಗಿ ಒಂದೊಂದೇ ಚೀಲವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ, ಮಗುವಿನ ಹೊಟ್ಟೆ ಒತ್ತಿ ನೋಡುವ ಹಾಗೆ. ಮೊನ್ನೆ ಹೊರಗೆ ಬಂದು, "ರೀ, ಕೆಳಗಿನ ಸಾಲು ಕಲ್ಲಾಗ್ತಿದೆ" ಅಂದಳು. ನಾನು ನಿಯಮ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಂದಳು, "ಅಲ್ಲ, ಛಾವಣಿಗೇ ತಾನೆ ದುಡ್ಡು ಬೇಕಾಗಿರೋದು? ಅದನ್ನ ಹಾಕಿ ಆದ್ಮೇಲೆ ಕೊಡ್ತಾರಾ? ಯಾವ ಬುದ್ಧಿವಂತರೀ ಈ ನಿಯಮ ಬರೆದಿದ್ದು?" ನೋಡಿ, ಹೆಂಗಸರಿಗೆಲ್ಲ ಒಂದೇ ಪ್ರಶ್ನೆ! ನಾನು ದಿನಪತ್ರಿಕೆ ಬಿಡಿಸಿಕೊಂಡೆ. ಬರೆದವರು ಯಾರು ಎಂದು ಇವತ್ತು ಈ ಸಭೆಯಲ್ಲಿ ಆಕೆಗೆ ತಿಳಿಯಿತು. ಆ ಮುಖ ನಾನು ಇಲ್ಲಿಂದಲೇ ನೋಡುತ್ತಿದ್ದೇನೆ.

ಇನ್ನು ಅಧ್ಯಕ್ಷರ ಉಡುಗೊರೆ. ನನ್ನ ಸೇವೆಯನ್ನು ಮೆಚ್ಚಿ, ನನಗೊಬ್ಬನಿಗೆ ಮಾತ್ರ ನಿಯಮ ಸಡಿಲಿಸಿ ಛಾವಣಿಯ ಕಂತನ್ನು ಮುಂಗಡವಾಗಿ ಕೊಡುತ್ತಾರಂತೆ. ಒಪ್ಪಿಗೆ ಪತ್ರ ಮೇಜಿನ ಮೇಲಿದೆ, ಪೆನ್ನೂ ಇದೆ. ಚಪ್ಪಾಳೆ ತಟ್ಟಿದಿರಿ. ಯಾಕೆ ತಟ್ಟಿದಿರಿ? ವಿಶೇಷ ಪ್ರಕರಣವಂತೆ! ವಿಶೇಷ ಪ್ರಕರಣ ಎಂದು ನನ್ನ ಮುಂದೆ ಹಲ್ಲು ಕಿರಿದವರನ್ನು ನಾನು ಯಾವ ಕಣ್ಣಿನಿಂದ ನೋಡಿದ್ದೇನೆಂದು ನಿಮಗೆ ಗೊತ್ತೇ? ಶಿಫಾರಸು ಹೊತ್ತು ತಂದವರನ್ನು, ಕಣ್ಣೀರು ಹಾಕಿದವರನ್ನು, ಎಲ್ಲರನ್ನೂ ಮೆಟ್ಟಿಲಿಳಿಸಿದವನು ನಾನು. ನನ್ನ ತಲೆಯ ಮೇಲೆ ಸೂರಿಲ್ಲ ಎಂದು ನಿಯಮದ ತಲೆ ಒಡೆಯಲೆ? ಅಧ್ಯಕ್ಷರೇ, ನಿಮ್ಮ ದೊಡ್ಡ ಮನಸ್ಸಿಗೆ ವಂದನೆಗಳು. ನಿಮ್ಮ ಈ ವಿನಾಯಿತಿ ನನಗೆ...

ಒಂದು ನಿಮಿಷ. ಎಲ್ಲಿಗೆ ಬರುತ್ತಿದ್ದೀಯ? ಇದು ವೇದಿಕೆ ಕಣೇ. ನಾನು ಮಾತಾಡುತ್ತಿದ್ದೇನೆ, ಕಾಣುವುದಿಲ್ಲವೆ? ಸಭಿಕರೇ, ಕ್ಷಮಿಸಿ. ನನ್ನ ಹೆಂಡತಿ ನೇರವಾಗಿ ಮೇಜಿನ ಹತ್ತಿರ ಹೋಗಿದ್ದಾಳೆ. ಕಾರ್ಯದರ್ಶಿಗಳೇ, ಪೆನ್ನು ಯಾಕೆ ಕೊಟ್ಟಿರಿ? ಹೌದು, ಸಾಲ ಇಬ್ಬರ ಹೆಸರಿನಲ್ಲಿದೆ. ಹೌದು, ಇಬ್ಬರಲ್ಲಿ ಒಬ್ಬರ ಸಹಿ ಸಾಕು... ಹಾಕಿಯೇಬಿಟ್ಟಳು. ಮದುವೆಯಾದಂದಿನಿಂದ ನನ್ನ ಮಾತಿಗೆ ಎದುರಾಡದವಳು ಇಷ್ಟು ಜನರೆದುರಿಗೆ ಸಹಿ ಹಾಕಿದಳು.

ನನಗೆ ಸಿಟ್ಟು ಬರಬೇಕಾಗಿತ್ತು. ಬರುತ್ತಿಲ್ಲ. ನಿಜ ಹೇಳಬೇಕೆಂದರೆ ಎಲ್ಲಾದರೂ ಕೂತರೆ ಸಾಕಾಗಿದೆ. ಏನಂದೆ ನೀನು? ಮೈಕಿನಲ್ಲಿ ಹೇಳಲೆ? "ನಿಮ್ಮ ಮಾತು ಸಾಕು, ಮೇಸ್ತ್ರಿಗೆ ಫೋನ್ ಮಾಡಿ" ಅನ್ನುತ್ತಿದ್ದಾಳೆ. ಆಯಿತು, ಮಾಡುತ್ತೇನೆ.

ಆದರೆ ಹಿಂದಿನ ಬೆಂಚಿನಲ್ಲಿ ಯಾರದು ಕೈ ಎತ್ತಿರುವುದು? ಪಕ್ಕದವರೂ ಎತ್ತಿದ್ದೀರಿ. ಗೋಡೆಗೆ ಒರಗಿ ನಿಂತವರೂ ಎತ್ತಿದ್ದೀರಿ. ಏನು, ನಿಮಗೂ ಛಾವಣಿಯ ಕಂತು ಮೊದಲೇ ಬೇಕೆ? ಇಂಥ ಪ್ರಶ್ನೆಗೆ ನನ್ನ ಬಾಯಲ್ಲಿ ಉತ್ತರ ಸದಾ ಸಿದ್ಧವಾಗಿರುತ್ತಿತ್ತು. ಅಧ್ಯಕ್ಷರೇ, ನಾನು ನಿವೃತ್ತನಾದೆ. ಕೈ ಎತ್ತಿದವರೆಲ್ಲ ಈಗ ನಿಮ್ಮ ಮುಖ ನೋಡುತ್ತಿದ್ದಾರೆ. ಬಂದ ನಿಮಗೆಲ್ಲ ಕೃತಜ್ಞತೆಗಳು. ಮೈಕು ಅಧ್ಯಕ್ಷರ ಕಡೆ ತಿರುಗಿಸಿದ್ದೇನೆ. ನಮಸ್ಕಾರ.