ಟ್ರೇಲರಿನ ಪಿನ್ನು

ವಯಾಲಾ ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ ಲೇತ್ ಕೆಲಸದ ಮಿರ್ಕೊ, ಪಕ್ಕದಲ್ಲಿ ಮುದುಕ ಮೆರ್ವ್. ಗಾಡಿಗೆ ಟ್ರೇಲರ್ ಜೋಡಿಸುವ ಪಿನ್ನು ಮುರಿದು, ಅದರಡಿ ಸಿಕ್ಕಿದ ನೆವಿಲ್‌ನ ಕಾಲನ್ನು ಒಳಗೆ ಕತ್ತರಿಸುತ್ತಿದ್ದರು.

ಮಿರ್ಕೊ ಹೇಳುತ್ತಿದ್ದ: "ಹಳೇ ಪಿನ್ನು ಬೇಗ ಸವೀತು ಅಂತ ನೆವಿಲ್ಲೇ ಗೊಣಗಿದ್ದ. ಅದಕ್ಕೇ ಹೊಸದನ್ನ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದೆ."

"ಆಮೇಲೆ ಇನ್ನೊಂದ್ಸಲ ಹದವಾಗಿ ಕಾಯಿಸಿದ್ಯೇನೋ?"

"ಇಲ್ಲ. ಅರದಲ್ಲಿ ಉಜ್ಜಿದ್ರೂ ಗೀರು ಬೀಳ್ಲಿಲ್ಲ. ಗಟ್ಟಿಯಾಯ್ತು ಅಂದ್ಕೊಂಡೆ."

"ಗಂಧಕ ಸೇರಿಸಿದ ಉಕ್ಕು ಕಣೋ ಅದು! ಲೇತಿಗೆ ಬೆಣ್ಣೆ. ಹಾಗೆ ಗಟ್ಟಿ ಮಾಡಿ ಬಿಟ್ರೆ ಗಾಜಿನ ಹಾಗೆ ಒಡೆಯುತ್ತೆ."

"ಪಿನ್ನು ನೋಡಿ ನೆವಿಲ್ ಖುಷಿಯಾಗಿ ಬಿಯರ್ ಕೊಡಿಸಿದ್ದ, ಮೆರ್ವ್."

"ಅಂಥವು ಎಷ್ಟು ಮಾಡಿದ್ದೆ?"

"ಎರಡು."

"ಇನ್ನೊಂದೆಲ್ಲಿ?"

ಮಿರ್ಕೊ ಎದ್ದು ನಿಂತ.

"ನಮ್ಮನೆ ಟ್ರೇಲರಿಗೆ ಹಾಕಿದೀನಿ. ಬೆಳಿಗ್ಗೆ ನನ್ನ ಹೆಂಡ್ತಿ ಕಾರಲ್ಲಿ ಮಕ್ಕಳನ್ನ ಕೂರಿಸ್ಕೊಂಡು, ಅದೇ ಟ್ರೇಲರಲ್ಲಿ ದೋಣಿ ಎಳ್ಕೊಂಡು ಕವೆಲ್ ಊರಿಗೆ ಹೊರಟ್ಲು."

"ಫೋನ್ ಮಾಡೋ!"

"ಆ ದಾರೀಲಿ ಸಿಗ್ನಲ್ ಎಲ್ಲಿದೆ?"

ನರ್ಸ್ ಹೊರಗೆ ಬಂದು, "ನೆವಿಲ್ ಕಡೆಯವರು ಯಾರು?" ಎಂದಳು. ಎದುರು ಬೆಂಚು ಆಗಲೇ ಖಾಲಿಯಾಗಿತ್ತು.