ಗೂಟಕ್ಕೆ ತೂಗುಹಾಕಿದ ಕೋಲು

...ಅಲ್ಲ ಕಣೋ ಕ್ಲ್ಯಾರಿ, ಈ ಕಥೆಯನ್ನು ಮೊದಲು ನನ್ನ ಕಿವಿಗೆ ಹಾಕಿದವನೇ ನೀನು. ಈಗ ಜಾರಿಕೊಳ್ಳಬೇಡ! ಭಾನುವಾರ, ಚರ್ಚಿನ ಮೆಟ್ಟಿಲ ಮೇಲೆ. ಪಾದ್ರಿಗಳ ಕೈ ಕುಲುಕುವುದಕ್ಕೂ ಬಿಡದೆ ಹೇಳಿದೆ: "ಆಲ್ವಿನ್, ತಾಮ್ರದ ತಂತಿ ಸುತ್ತಿದ ಕೊಳವೆಯೊಂದು ಮುಟ್ಟದೆಯೇ ಕಬ್ಬಿಣದ ಮೊಳೆ ಎಸೆಯುತ್ತೆ. ಮದ್ದಿಲ್ಲ, ಬೆಂಕಿಯಿಲ್ಲ." ನಾನು ನಂಬಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಗೋಧಿ ಬಿತ್ತಿದವನು, ಹೇಗೆ ನಂಬಲಿ?

ಕೇಕು ತಗೋ. ನಮ್ಮನೆಯಿಂದ ಹಿಲ್ಡಾ ಕಳಿಸಿದ್ದು. ಎಡಗೈಯಲ್ಲೇ... ಹಾಂ, ಹಾಗೆ. ಬಲಗೈಯ ಪಟ್ಟಿ ಯಾವಾಗ ಬಿಚ್ಚುತ್ತಾರಂತೆ?

ಯಾಕೋ ನಗ್ತೀಯಾ? ಮೊದಲನೇ ಮೊಳೆ ನೆನಪಾಯ್ತಾ? ಎರಡಡಿ ಹಾರಿ ನನ್ನ ಬೂಟಿನ ಮೇಲೆ ಬಿತ್ತಲ್ಲ! "ಇಷ್ಟು ತಂತಿಯಲ್ಲಿ ಕುರಿಗಳಿಗೆ ಬೇಲಿ ಹಾಕಬಹುದಿತ್ತು" ಅಂತ ನಮ್ಮ ಕೈಕೆಲಸದ ಶೆಡ್ಡಿನ ಮರ್ವಿನ್ ಹಂಗಿಸಿದ. ನೀನು ತಾಳ್ಮೆಗೆಡಲಿಲ್ಲ. ಕರೆಂಟು ಒಂದೇ ಏಟಿಗೆ ಬಂದು ಒಂದೇ ಏಟಿಗೆ ಸಾಯಬೇಕು, ಇಲ್ಲದಿದ್ದರೆ ಸುರುಳಿ ಮೊಳೆಯನ್ನು ಹಿಂದಕ್ಕೆಳೆಯುತ್ತೆ ಎಂದೆ. ಕರೆಂಟು ಕೂಡಿಟ್ಟುಕೊಳ್ಳುವ ಹನ್ನೆರಡು ಕಂಡೆನ್ಸರ್ ಒಂದು ಪೆಟ್ಟಿಗೆಯಲ್ಲಿ ಜೋಡಿಸಿದೆ. ಆಮೇಲೆ ನೋಡು, ಜಾಮಿನ ಡಬ್ಬಿ ತೂತು! ಶೆಡ್ಡಿನ ಮುದುಕರೆಲ್ಲ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು...

ನಾನು ಬಂದದ್ದು... ಈ ಕಾಗದ ಕೊಡುವುದಕ್ಕೆ. ಶೆಡ್ಡಿನ ಸಂಘದ ಕಾರ್ಯದರ್ಶಿ ನಾನೇ ಅಲ್ಲವೇ, ನಾನೇ ತರಬೇಕಾಯಿತು. ಇವತ್ತು ಎರಡು ಗಂಟೆಗೆ ಸಭೆ. ಶೆಡ್ಡಿನ ಬೀಗದ ಕೈ ನಿನ್ನಿಂದ ವಾಪಸ್ಸು ಪಡೆಯಬೇಕಂತೆ. ಇನ್ನು ಮುಂದೆ ನೀನು ಒಳಗೆ ಬರಬಾರದಂತೆ. "ಕ್ಲ್ಯಾರೆನ್ಸ್ ನೋಸ್ಕಿ ಅವರ ಅಜಾಗರೂಕತೆಯಿಂದ..." ನಲವತ್ತು ವರ್ಷ ರೈಲ್ವೆ ಸಿಗ್ನಲ್ ಕಾದವನಿಗೆ ಇಂಥ ಮಾತು! ಆದರೆ ನೀನೇ ಒಪ್ಪಿಕೊಂಡೆಯಲ್ಲ ಮಾರಾಯ. ಕರೆಂಟು ಹೊಡೆದು ಬಿದ್ದವನು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನೇ, "ಕೋಲು ನೋಡೋದು ಮರೆತೆ" ಅಂದೆಯಂತೆ. ಯಾಕಂದೆ?

ನಿಯಮ ನಿನ್ನದೇ. ಪ್ಲಗ್ ಕಿತ್ತರೂ ಆ ಪೆಟ್ಟಿಗೆ ಹೊಟ್ಟೆಯಲ್ಲಿ ಕರೆಂಟು ಇಟ್ಟುಕೊಂಡಿರುತ್ತೆ. ತಾಮ್ರದ ತುದಿಯ ಕೋಲು ಮುಟ್ಟಿಸಿ ಇಳಿಸಬೇಕು. ಇಳಿಸಿದವನೇ ಕೋಲನ್ನು ಗೂಟಕ್ಕೆ ತೂಗುಹಾಕಬೇಕು. ಗೂಟದಲ್ಲಿದ್ದರೆ ಪೆಟ್ಟಿಗೆ ಸತ್ತಿದೆ. ಮೇಜಿನ ಮೇಲಿದ್ದರೆ ಜೀವ ಇದೆ. ರೈಲ್ವೆಯವರ ಪದ್ಧತಿ, ತಪ್ಪುವುದಿಲ್ಲ ಎಂದಿದ್ದೆ. ಅವತ್ತು ಕೋಲು ಮೇಜಿನ ಮೇಲಿತ್ತು. ಮರ್ವಿನ್ ನೋಡಿದ್ದಾನೆ, ನಾನೂ ಹಾಗೇ ಬರೆದುಕೊಟ್ಟಿದ್ದೇನೆ. ವಯಸ್ಸಾಯಿತು, ಮನುಷ್ಯ ಮರೆಯುತ್ತಾನೆ, ಅದರಲ್ಲೇನು...

ಏನು ಹಾಗೆ ನೋಡ್ತೀಯಾ?

ಮೇಜಿನ ಮೇಲೇ ಇತ್ತು ಕಣೋ. ಬೆಳಗ್ಗೆ ನಾನು ಒಂದು ಮೊಳೆ ಹಾರಿಸಿ ನೋಡಿದೆ, ಇನ್ನೊಂದಕ್ಕೆ ಕರೆಂಟು ತುಂಬಿಸಿದೆ, ಅಷ್ಟೇ. ಅಷ್ಟರಲ್ಲಿ ಪಾದ್ರಿಗಳ ಕಾರು ಬಂತು. ಟೀ ಹೊತ್ತು. ಮೇಜೆಲ್ಲ ಹರಡಿಕೊಂಡಿತ್ತು. ಪ್ಲಗ್ ಕಿತ್ತೆ. ಗುಡಿಸಿದೆ, ಒರೆಸಿದೆ. ಇಕ್ಕಳ ಅದರ ಜಾಗಕ್ಕೆ, ಸುತ್ತಿಗೆ ಅದರ ಜಾಗಕ್ಕೆ. ನಮ್ಮಮ್ಮ ಹೇಳುತ್ತಿದ್ದಳು, ದೇವರ ಮನುಷ್ಯ ಬರುವ ಜಾಗ ಓರಣವಾಗಿರಬೇಕು ಅಂತ. ಆ ಕೋಲನ್ನೂ...

ಕ್ಲ್ಯಾರಿ, ಬೈದುಬಿಡು ನನ್ನನ್ನು!

...ಗೂಟಕ್ಕೆ ಹಾಕಿದೆ. ಹೌದು. ಇಳಿಸದೇ ಹಾಕಿದೆ. ಕೈಗೆ ಸಿಕ್ಕಿದ್ದನ್ನು ಅದರದರ ಜಾಗಕ್ಕೆ ಇಡುವ ಚಾಳಿ. ಕೈ ಇಟ್ಟಿತು, ಬುದ್ಧಿ ಅಲ್ಲಿರಲಿಲ್ಲ. ಟೀ ಮುಗಿಸಿ ನೀನು ಬಂದೆ. ಗೂಟ ನೋಡಿದೆ. ನೋಡಿಯೇ ಪೆಟ್ಟಿಗೆಗೆ ಕೈ ಹಾಕಿದೆ.

ಅಷ್ಟೇ ಆಗಿದ್ದರೆ ತಪ್ಪು ಎನ್ನಬಹುದಿತ್ತು. ನೀನು ನೆಲದ ಮೇಲೆ ಬಿದ್ದಿದ್ದೆ, ಉಸಿರಿರಲಿಲ್ಲ. ಮರ್ವಿನ್ ಎದೆ ಒತ್ತುತ್ತಿದ್ದ, ಪಾದ್ರಿಗಳು ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದರು. ನಾನು, ನಿನ್ನ ಗೆಳೆಯ, ಐವತ್ತು ವರ್ಷ ಒಂದೇ ಬೆಂಚಿನಲ್ಲಿ ಪಕ್ಕ ಕೂತು ಪ್ರಾರ್ಥನೆ ಮಾಡಿದವನು... ಆ ಕೋಲು ತೆಗೆದು ಮೇಜಿನ ಮೇಲಿಟ್ಟೆ. ಯಾರೂ ನೋಡಲಿಲ್ಲ. ಆಮೇಲೆ ಬಂದು ನಿನ್ನ ಕಾಲು ಹಿಡಿದುಕೊಂಡು ದೇವರೇ ದೇವರೇ ಎಂದೆ. ಬೇಡಿದ್ದು ನಿನಗೋಸ್ಕರವೋ ನನಗೋಸ್ಕರವೋ, ಇವತ್ತಿಗೂ ಗೊತ್ತಿಲ್ಲ.

ನಿನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಮರೆತೆ ಅಂದೆ. ಅಲ್ವಾ?... ತಲೆ ಅಲ್ಲಾಡಿಸಬೇಡ. ನೀನು ಹಾಗೆ ಕಾಪಾಡಿದ್ದೇ ನನ್ನನ್ನು ಮೂರು ವಾರದಿಂದ ತಿನ್ನುತ್ತಿದೆ.

ಥೆಲ್ಮಾ ಎಲ್ಲಿ, ಒಳಗಿದ್ದಾಳಾ? ಕರಿ. ನಿನಗೆ ಹೇಳಿದ್ದಷ್ಟೂ ಮೊದಲು ಅವಳೆದುರು ಹೇಳುತ್ತೇನೆ. ನಿನ್ನ ಉಸಿರು ನಿಂತ ಆ ನಾಲ್ಕು ನಿಮಿಷ ಗಂಡನಿಲ್ಲದವಳಾಗಿದ್ದಳು ಅವಳು. ಆಮೇಲೆ ಎರಡು ಗಂಟೆಗೆ ಸಭೆಯವರೆದುರು. ಬಾಗಿಲು ಹಾಕಿಕೊಳ್ಳುವವರು ನನ್ನ ಮುಖಕ್ಕೇ ಹಾಕಿಕೊಳ್ಳಲಿ.

ಒಂದೇ ಒಂದು ಬೇಡುತ್ತೇನೆ. ಮುಂದೆ ಯಾರೇ ಕೇಳಲಿ, ಸುರುಳಿ ಸುತ್ತುವ ಬೇರೆ ಊರಿನ ಶೆಡ್ಡಿನವರು ಬಂದು ಕೇಳಲಿ, ಈ ಕಥೆ ಹೇಳು. ಸ್ನೇಹಿತ ಅಂತ ನನ್ನ ಹೆಸರು ನುಂಗಬೇಡ. ಆಲ್ವಿನ್ ಹೀಗೆ ಮಾಡಿದ ಅಂತ ಹೇಳಿ, ಕೇಳಿದವರಿಗೂ ಇನ್ನೊಬ್ಬರಿಗೆ ಹೇಳಿ ಅನ್ನು.